ಸುಣ್ಣದ ಗೆರೆಯೊಳಗಿನ ಹಸು

ಹಸು ಮತ್ತೆ ನಿಂತಿತು. ಬಾಲ ಎತ್ತಿತು. ಹಗ್ಗದಾಚೆ ಇಡೀ ಊರು ಉಸಿರು ಬಿಗಿಹಿಡಿಯಿತು. ಹಸು ಬಾಲ ಬೀಸಿ ನೊಣ ಓಡಿಸಿತು. ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು.

"ಹಾಳಾದ್ದೇ!" ಎಂದಳು ಲೋರ್ನಾ. ಕೈಯಲ್ಲಿ ಮೈಕಿರುವುದು ಅವಳಿಗೆ ಮರೆತೇಹೋಗಿತ್ತು. ಬಯಲಿಗೆ ಬಯಲೇ ನಕ್ಕಿತು.

ಬಯಲಿನ ಮಧ್ಯೆ ಸುಣ್ಣದ ಪುಡಿಯಲ್ಲಿ ಚೌಕಗಳನ್ನು ಎಳೆದಿದ್ದರು. ಒಂದೊಂದು ಚೌಕಕ್ಕೂ ಒಬ್ಬೊಬ್ಬರು ಚೀಟಿ ಕೊಂಡಿದ್ದರು. ಹಸು ಯಾರ ಚೌಕದಲ್ಲಿ ಸೆಗಣಿ ಹಾಕುತ್ತದೋ ಅವರಿಗೆ ಚಳಿಗಾಲಕ್ಕೆಲ್ಲ ಆಗುವಷ್ಟು ಸೌದೆ. ಚರ್ಚಿನಲ್ಲಿ ಆರರ ಗಂಟೆ ಬಾರಿಸುವುದರೊಳಗೆ ಹಾಕದಿದ್ದರೆ ಚೀಟಿಯ ದುಡ್ಡೆಲ್ಲ ವಾಪಸು. ಯಾರೂ ಮೋಸ ಎನ್ನಬಾರದೆಂದು ಈ ನಿಯಮ ಮಾಡಿದವಳು ಲೋರ್ನಾಳೇ.

ದುಡ್ಡು ವಾಪಸಾದರೆ ಬಯಲೂ ಹೋದಂತೆ. ಬಯಲಿನ ಒಡೆಯ ಮುದುಕ ಬ್ರೂಸ್ಟರ್ ಸತ್ತ ಮೇಲೆ, ಅದನ್ನು ಕೊಳ್ಳಲು ಅವನ ವಾರಸುದಾರರು ಊರಿನ ಭೂರಕ್ಷಣಾ ಸಮಿತಿಗೆ ಕೊಟ್ಟಿದ್ದ ಗಡುವು ಈ ಸಂಜೆಗೆ ಮುಗಿಯುತ್ತಿತ್ತು. ಆಮೇಲೆ ಮನೆ ಕಟ್ಟಿಸುವ ಕಂಪನಿಗೆ ಮಾರಾಟ. ಈಗ ಮಕ್ಕಳು ಉರುಳಾಡುತ್ತಿರುವ ಇಳಿಜಾರು, ಹೊಳೆದಂಡೆಯ ಮೇಪಲ್ ಮರಗಳು, ಎಲ್ಲವೂ ರಸ್ತೆ ಮತ್ತು ಗ್ಯಾರೇಜು. ಸಮಿತಿಯ ಅಧ್ಯಕ್ಷೆಯಾಗಿ ಲೋರ್ನಾ ಈ ಬಯಲಿಗಾಗಿ ಬಡಿಯದ ಬಾಗಿಲಿರಲಿಲ್ಲ.

ಅವಳ ಬೆನ್ನ ಹಿಂದೆ, ಪಿಟೀಲಿನವರ ಪಕ್ಕದಲ್ಲಿ, ಆಳೆತ್ತರದ ಹಲಗೆಯೊಂದಿತ್ತು. ಅದರ ಮೇಲೆ ಜ್ವರ ನೋಡುವ ಕೊಳವೆಯ ಚಿತ್ರ. ದುಡ್ಡು ಸೇರಿದಷ್ಟೂ ಶಾಲೆಯ ಮಾಸ್ತರರು ಅದಕ್ಕೆ ಕೆಂಪು ಬಣ್ಣ ಬಳಿಯುತ್ತ ಹೋಗಬೇಕು. ಮಧ್ಯಾಹ್ನ ಬಣ್ಣ ಎದೆಮಟ್ಟದಲ್ಲಿ ನಿಂತಿತ್ತು. ಆಮೇಲೆ ಅತ್ತ ತಿರುಗಿ ನೋಡುವ ಧೈರ್ಯ ಲೋರ್ನಾಳಿಗೆ ಬಂದಿರಲಿಲ್ಲ.

ಹೋದ ವರ್ಷ ಎಷ್ಟು ಅಚ್ಚುಕಟ್ಟಾಗಿತ್ತು! ಗೆರೆಯೊಳಗೆ ಕಾಲಿಟ್ಟದ್ದೇ ತಡ, ಹಸು ಕೆಲಸ ಮುಗಿಸಿತ್ತು. ಊಟದ ಹೊತ್ತಿಗೆ ಜನ ಮನೆ ಸೇರಿದ್ದರು. ಹೆಸ್ಟರ್ ಚಿಕ್ಕಮ್ಮ ಹಿಟ್ಟಿನೊಳಗೆ ಸೇಬು ತುಂಬಿ ಬೇಯಿಸಿ ಮಾರಲಿಟ್ಟ ಪೈಗಳು ರಾಶಿ ರಾಶಿ ಉಳಿದು, ಮನೆಮಂದಿಯೆಲ್ಲ ಮಾರ್ಚಿನವರೆಗೆ ಸೇಬಿನ ಪೈಯನ್ನೇ ತಿಂದದ್ದು ಬೇರೆ ಮಾತು.

ಈ ವರ್ಷ ಹೀಗೇಕೆ ಎಂಬುದು ಲೋರ್ನಾಳಿಗೆ ಗೊತ್ತಿತ್ತು. ಬೆಳಿಗ್ಗೆ ಬರುವಾಗ ಡೆಲ್ಬರ್ಟನ ಕೊಟ್ಟಿಗೆಯಿಂದ ಬಯಲಿನವರೆಗೆ ದಾರಿಯುದ್ದಕ್ಕೂ ಹಸಿ ಸೆಗಣಿ ಬಿದ್ದಿತ್ತು. ಹಸುವನ್ನು ಹಿಂದೆ ಮುಂದೆ ನಡೆಸಿ ನಡೆಸಿ ಹೊಟ್ಟೆ ಖಾಲಿ ಮಾಡಿಸಿದ್ದರು. ಅದರ ಕರಿ ಹೆಗಲ ಮೇಲೆ ಬೆಳ್ಳಗೆ ಕೈಗುರುತು ಬೇರೆ. ಸುಣ್ಣದ ಗೆರೆ ಎಳೆದವನು ಡೆಲ್ಬರ್ಟ್. ಹಸು ಅವನದು. ಪಕ್ಕದ ಜಮೀನೂ ಅವನದು. ಇಲ್ಲಿ ಮನೆಗಳೆದ್ದರೆ ಅದಕ್ಕೆ ಚಿನ್ನದ ಬೆಲೆ. ಊರ ಸಭೆಯಲ್ಲಿ ಸಮಿತಿಯ ವಿರುದ್ಧ ಕೈಯೆತ್ತಿದವನೂ ಅವನೊಬ್ಬನೇ. ತಾನಾಗಿ ಹಸು ಕೊಡುತ್ತೇನೆಂದಾಗಲೇ ಅವಳು ಎಚ್ಚರಗೊಳ್ಳಬೇಕಿತ್ತು.

ಅವನು ಬೇಲಿಗೂಟಕ್ಕೆ ಒರಗಿ, ಸಲಿಕೆಯಂಥ ಕೈಯಲ್ಲಿ ತಟ್ಟೆ ಹಿಡಿದು ಪೈ ಮೆಲ್ಲುತ್ತಿದ್ದ.

"ಏನಮ್ಮಾ ಅಧ್ಯಕ್ಷೆ, ಹಸುಗಿಂತ ನೀನೇ ಜಾಸ್ತಿ ತಿಣುಕ್ತಾ ಇದ್ದೀಯಲ್ಲ!"

"ಬೆಳಿಗ್ಗೆ ದಾರಿ ತುಂಬಾ ಸೆಗಣಿ ಇತ್ತು, ಡೆಲ್ಬರ್ಟ್."

"ಹೂಂ, ನಾನೂ ತುಳಿದೆ. ಹೊಸ ಬೂಟು."

"ನಾಚಿಕೆ ಆಗಲ್ವಾ ನಿಮಗೆ?"

"ನಾಚಿಕೆ ಹಸುಗೆ ಆಗ್ತಿದೆ. ಇಷ್ಟು ಜನ ನೋಡ್ತಾ ನಿಂತ್ರೆ ನಂಗೂ ಬರಲ್ಲಪ್ಪ."

ಸುತ್ತಲಿನವರು ಗೊಳ್ಳೆಂದರು. ಲೋರ್ನಾ ಹಲ್ಲು ಕಚ್ಚಿಕೊಂಡು ಹೊರಟಳು.

ವರ್ಮಾಂಟಿನ ಸೆಪ್ಟೆಂಬರ್ ಬಿಸಿಲು ಇಳಿಯುತ್ತ ಬಂತು. ಜನ ಮನೆಗೂ ಹೋಗುವಂತಿಲ್ಲ. ಚೀಟಿ ಇಟ್ಟುಕೊಂಡು ಹೇಗೆ ಹೋದಾರು? ಹಸಿದ ಮಕ್ಕಳು ರಚ್ಚೆ ಹಿಡಿದವು. ಜೋಳದ ತೆನೆ ಸುಡುವವನ ಮುಂದೆ ಸಾಲು. ಪೈ ಡೇರೆಯ ಮುಂದೆ ಇನ್ನೂ ಉದ್ದದ ಸಾಲು. ಹುಲ್ಲುಗಾಡಿಯಲ್ಲಿ ಎರಡು ಸುತ್ತು ಹೋಗಿಬಂದವರು ಮೂರನೆಯದಕ್ಕೆ ಹತ್ತುತ್ತಿದ್ದರು. ಎದುರಾದವರೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಇನ್ನೂ ಇಲ್ವಾ?" ಪ್ರತಿ ಸಲವೂ ಲೋರ್ನಾಳಿಗೆ ಕೆನ್ನೆಗೆ ಬಾರಿಸಿದಂತಾಗುತ್ತಿತ್ತು.

ಹಗ್ಗದ ಬಳಿ ಹೆಸ್ಟರ್ ಚಿಕ್ಕಮ್ಮ ಹಸುವಿನ ಮುಂದೆ ಬಕೆಟ್ ಹಿಡಿದಿದ್ದಳು.

"ಚಿಕ್ಕಮ್ಮಾ! ಏನೂ ತಿನ್ನಿಸ್ಬೇಡ ಅದಕ್ಕೆ! ಜನ ಮೋಸ ಅಂತಾರೆ."

"ಸೇಬಿನ ಸಿಪ್ಪೆ ಕಣೇ. ಹೊಟ್ಟೆ ಪೂರ್ತಿ ಖಾಲಿ, ಪಾಪ."

"ಖಾಲಿ ಮಾಡಿದೋರ್ನ ನಾನು ಸುಮ್ನೆ ಬಿಡಲ್ಲ."

"ಬಿಡ್ಬೇಡ. ಮೊದಲು ಇದು ಮುಗೀಲಿ," ಎಂದು ಚಿಕ್ಕಮ್ಮ ಬಕೆಟ್ಟನ್ನು ಇನ್ನಷ್ಟು ಮುಂದೆ ಚಾಚಿದಳು.

ಗಂಟೆ ಬಾರಿಸಲು ಪಾದ್ರಿಗಳು ಎದ್ದರು. ಅವರ ಜೇಬಿನಲ್ಲೂ ಒಂದು ಚೀಟಿಯಿತ್ತು; ನಿಧಾನವಾಗಿ ನಡೆದರು. ಚರ್ಚಿನ ಮೆಟ್ಟಿಲ ಬಳಿ ನಿಂತು ಬೂಟಿನ ದಾರ ಬಿಚ್ಚಿ, ಮತ್ತೆ ಕಟ್ಟಿಕೊಂಡರು. ಲೋರ್ನಾ ಕಣ್ಣು ಮುಚ್ಚಿಕೊಂಡಳು.

ಕಿವಿ ಗಡಚಿಕ್ಕುವ ಕೇಕೆಗೆ ಅವಳ ಕಣ್ಣು ತೆರೆಯಿತು. ಟೋಪಿಗಳು ಹಾರುತ್ತಿದ್ದವು. ಅಂಚೆ ಕಚೇರಿಯ ಹೆಂಗಸು ತನ್ನ ಚೌಕದ ಮುಂದೆ ಕುಣಿಯುತ್ತಿದ್ದಳು. ಅದರ ನಡುವೆ ಹಬೆಯಾಡುವ ಸೆಗಣಿ. ಆಗ ಗಂಟೆ ಬಾರಿಸಿತು.

ಮಧ್ಯಾಹ್ನದ ಮೇಲೆ ಮೊದಲ ಸಲ ಲೋರ್ನಾ ಹಲಗೆಯತ್ತ ತಿರುಗಿ ನೋಡಿದಳು. ಕೆಂಪು ಬಣ್ಣ ಕೊಳವೆಯ ತುದಿ ದಾಟಿ ಹಲಗೆಯ ಚೌಕಟ್ಟಿಗೂ ಮೆತ್ತಿತ್ತು.

"ಡಬ್ಬಿ ಖಾಲಿ ಆಯ್ತು ಕಣಮ್ಮಾ," ಎಂದರು ಮಾಸ್ತರರು. "ಬಯಲು ನಮ್ದೇ."

"ಚೀಟಿ ದುಡ್ಡಲ್ಲೇ ಇಷ್ಟೊಂದಾ?"

"ಚೀಟಿದು ಮಧ್ಯಾಹ್ನವೇ ಬಳಿದಿದ್ದೆ. ಮೇಲಿಂದೆಲ್ಲ ಊಟ ತಿಂಡೀದು. ಯಾರೂ ಮನೆಗೇ ಹೋಗ್ಲಿಲ್ವಲ್ಲ!"

ಪೈ ಡೇರೆಯಲ್ಲಿ ಮೇಜುಗಳು ಬರಿದಾಗಿದ್ದವು. ಚಿಕ್ಕಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕಾಲಿಟ್ಟು ಕೂತಿದ್ದಳು. ಅವಳ ಬೂಟುಗಳ ಮೇಲೆ ಕಣಕಾಲಿನವರೆಗೂ ಸೆಗಣಿ ಒಣಗಿತ್ತು. ಹೊರಗೆ ಡೆಲ್ಬರ್ಟ್ ಹಸುವನ್ನು ಮನೆಗೆ ಹೊಡೆದುಕೊಂಡು ಹೋಗುತ್ತಿದ್ದ. ಹೆಗಲ ಮೇಲಿನ ಬಿಳಿ ಗುರುತು ಹತ್ತಿರದಿಂದ ಕಂಡಿತು. ಪುಟ್ಟ ಕೈ. ಲೋರ್ನಾ ಚಿಕ್ಕಮ್ಮನ ಹಿಟ್ಟು ಮೆತ್ತಿದ ಅಂಗೈ ನೋಡಿದಳು.

"ಇನ್ನೊಂದು ಚಳಿಗಾಲ ಸೇಬಿನ ಪೈ ತಿನ್ನೋದು ನನ್ನ ಕೈಲಾಗಲ್ಲ ಕಣೇ," ಎಂದಳು ಚಿಕ್ಕಮ್ಮ.