ಬೆಂಟ್ಸಿಲ್ ಕೊಟ್ಟ ಪಾಸು

ಎಕೌ ಬೆಂಟ್ಸಿಲ್ ಸತ್ತ ಸುದ್ದಿ ಕೇಳಿ ಓಡಿಬಂದವರನ್ನು ಸುಮ್ಮನಿರಿಸಿದವನು ಎಕೌ ಬೆಂಟ್ಸಿಲನೇ. ಕಟ್ಟುಕತೆಯಲ್ಲ, ಸೆಕೊಂಡಿಯ ಮೀನುಗಾರರ ಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ನಗು ನಿಂತ ಮೇಲೆ ಹೇಳುತ್ತಾರೆ.

ಶುರುವಾದದ್ದು ಸೋಮವಾರ ಸಂಜೆ, ಮರದ ಕೆಳಗಿನ ದಾಮೆ ಆಟದ ಮಣೆಯ ಮುಂದೆ. ಬೆಂಟ್ಸಿಲ್ ಬಂದು ಕೂರುತ್ತಿದ್ದಂತೆ ಫಿಫಿ ಎಂದಿನ ಹಾಗೆ ಮೂಗೆತ್ತಿ ಜೋರಾಗಿ ಸೀನಿದ. ಸುತ್ತ ಕೂತವರೆಲ್ಲ ನಕ್ಕರು. ಬೆಂಟ್ಸಿಲ್ ನಗಲಿಲ್ಲ. ಯೌವನದಲ್ಲಿ ಅವನು ದೇಶದ ತಂಡದ ಮಿಡ್‌ಫೀಲ್ಡರ್. ಕಪ್ ಗೆದ್ದ ಫೈನಲಿನಲ್ಲಿ ಜೊತೆಯಾಟಗಾರ ಬಾದು ಹೊಡೆದ ಗೋಲಿಗೆ ಪಾಸು ಕೊಟ್ಟವನು. ಆ ಹಳೆಯ ಕಾಮೆಂಟರಿಯನ್ನು ರೇಡಿಯೋದವರು ವರ್ಷವರ್ಷವೂ ಹಾಕುತ್ತಾರೆ. ಗೋಲ್‌ಕೀಪರ್‌ನಿಂದ ಹಿಡಿದು ಎಲ್ಲರ ಹೆಸರೂ ಅದರಲ್ಲಿದೆ. ಚೆಂಡು ಬೆಂಟ್ಸಿಲ್‌ನ ಕಾಲಿಗೆ ಬಂದ ಕ್ಷಣಕ್ಕೆ ಸರಿಯಾಗಿ ಕಾಮೆಂಟರಿಯವನಿಗೆ ಸೀನು ಬಂತು. ಅವನು ಮೂಗೊರೆಸಿಕೊಳ್ಳುವಷ್ಟರಲ್ಲಿ ಚೆಂಡು ಬಾದುವಿನ ಹತ್ತಿರವಿತ್ತು. ಬಾದುವಿನ ಹೆಸರಲ್ಲಿ ಅವನೂರಿನಲ್ಲಿ ಒಂದು ರಸ್ತೆಯಿದೆ. ಬೆಂಟ್ಸಿಲ್‌ನ ಹೆಸರಲ್ಲಿ ಒಂದು ಸೀನು ಇದೆ.

"ಸಾಕು ಮಾಡೋ ಫಿಫಿ. ಆ ಮನುಷ್ಯನ ಬಾಯಲ್ಲಿ ಒಂದೇ ಒಂದು ಸಲ ನನ್ನ ಹೆಸರು ಬಂದಿದ್ರೆ ಸಾಕಿತ್ತು ಕಣೋ. ಮೆಡಲ್ಲು ಗಿಡಲ್ಲು ಎಲ್ಲಾ ವಾಪಸ್ ಕೊಟ್ಟುಬಿಡ್ತಿದ್ದೆ."

ಫಿಫಿ ಕೇರಿಯ ಕಂಬಕ್ಕೆ ಕಟ್ಟಿದ ಮೈಕಿನ ಯಜಮಾನ. ಮೀನಿನ ದರ, ಕಳೆದುಹೋದ ಮೇಕೆ, ಸಾವಿನ ಸುದ್ದಿ, ಎಲ್ಲವೂ ಅವನ ಗಂಟಲಿನಿಂದಲೇ. ಗಂಟಲಲ್ಲ ಅದು, ಬಾಡಿಗೆ ಮನೆ. ಪಾದ್ರಿ, ಮಂತ್ರಿ, ಮೀನು ಮಾರುವ ಹೆಂಗಸು, ಯಾರು ಬೇಕಾದರೂ ಬಂದು ಇದ್ದುಹೋಗುತ್ತಿದ್ದರು.

"ಅಣ್ಣ, ವಿಷಯ ಗೊತ್ತಿಲ್ವಾ? ಇನ್ನೊಂದು ಟೇಪ್ ಸಿಕ್ಕಿದೆ. ಅದರಲ್ಲಿ ಸೀನಿಲ್ಲ, ನಿನ್ನ ಹೆಸರಿದೆ. ನಾಳೆ ಬೆಳಿಗ್ಗೆ ಕಂಬದಲ್ಲಿ ಹಾಕ್ತೀನಿ."

"ಆಣೆ ಇಡು."

"ನಮ್ಮಮ್ಮ ಬೇಯಿಸೋ ಕೆಂಕೆ ಉಂಡೆ ಮೇಲಾಣೆ!"

ಉಳಿದವರು ನಗು ತಡೆದುಕೊಳ್ಳಲು ಮಣೆಯ ಮೇಲೆ ಕಣ್ಣು ನೆಟ್ಟರು.

ಮಂಗಳವಾರ ಕಡಲದೇವತೆಯ ದಿನ, ಯಾರೂ ಕಡಲಿಗಿಳಿಯುವಂತಿಲ್ಲ. ಕೇರಿಯೆಲ್ಲ ದಡದಲ್ಲೇ ಹರಿದ ಬಲೆ ಹೊಲಿಯುತ್ತ ಕೂತಿತ್ತು. ಬೆಂಟ್ಸಿಲ್ ಪೆಟ್ಟಿಗೆಯಿಂದ ಹಳದಿ ಜೆರ್ಸಿ ತೆಗೆದು, ಹೊಟ್ಟೆ ಒಳಗೆಳೆದುಕೊಂಡು ತೊಟ್ಟ. ಅಂಗಳದಲ್ಲಿ ಕುರ್ಚಿ ಹಾಕಿ, ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಕೂತ. ಮೈಕು ಗರಗರ ಎಂದಿತು.

ಫಿಫಿ ಎಡವಿದ್ದು ಇಲ್ಲೇ. ಒಬ್ಬ ಮನುಷ್ಯನ ಸಾಧನೆಯನ್ನು ಅವನು ಆ ಕಂಬದಿಂದ ಹೇಳಿದ್ದೆಲ್ಲ ಸಾವಿನ ಸುದ್ದಿಯ ಜೊತೆಗೇ; ಬದುಕಿದ್ದವರನ್ನು ಹೊಗಳುವ ರೂಢಿ ಕಂಬಕ್ಕಿರಲಿಲ್ಲ. ಅಭ್ಯಾಸಬಲದಿಂದ ಮೊದಲು ಶೋಕದ ಹಾಡು ಹಾಕಿದ. "ಸೆಕೊಂಡಿಯ ಮಗ, ನಮ್ಮ ಕೇರಿಯ ಹೆಮ್ಮೆ, ಎಕೌ ಬೆಂಟ್ಸಿಲ್..." ಎಂದು ಶುರುಮಾಡಿ, ಸಾವಿನ ಸುದ್ದಿಯಲ್ಲಿ ಓದುವ ಹಾಗೆಯೇ ಸೋದರಮಾವಂದಿರ ಹೆಸರನ್ನೆಲ್ಲ ನಿಧಾನವಾಗಿ ಓದಿ, ಆಮೇಲಷ್ಟೇ ಹಳೆಯ ಕಾಮೆಂಟರಿಯವನ ಗಂಟಲಿಗೆ ಹೊರಳಿದ. ಅಷ್ಟರಲ್ಲಿ ಕೇರಿ ಬಲೆ ಬಿಸಾಕಿ ಎದ್ದಿತ್ತು. ಬೆಂಟ್ಸಿಲ್‌ಗೆ ಅದಾವುದೂ ತಲೆಗೆ ಹೋಗಲಿಲ್ಲ. ಅವನ ಕಿವಿ ಕಾದಿದ್ದು ಆ ಒಂದು ಕ್ಷಣಕ್ಕೆ.

ಬೆಂಟ್ಸಿಲ್‌ನ ಅಕ್ಕ ಆರಬಾ ಶೋಕದ ಕೆಂಪು ಕಪ್ಪು ಬಟ್ಟೆ ಸುತ್ತಿಕೊಂಡು, ತಲೆಯ ಮೇಲೆ ಎರಡೂ ಕೈ ಹೊತ್ತು, ಹೆಂಗಸರ ಹಿಂಡಿನೊಂದಿಗೆ ಅಂಗಳಕ್ಕೆ ನುಗ್ಗಿದಳು. ಕುರ್ಚಿಯಲ್ಲಿ ಜೆರ್ಸಿ ತೊಟ್ಟ ತಮ್ಮ. ಮುಚ್ಚಿದ ಕಣ್ಣು. ಹೆಸರು ಮಾಡಿದವರು ಸತ್ತರೆ ಅವರ ಕಸುಬಿನ ಉಡುಪು ತೊಡಿಸಿ ಕೂರಿಸುವುದೂ ಹೀಗೇ.

"ಅಯ್ಯೋ ತಮ್ಮಾ! ಆಗಲೇ ಕೂರಿಸಿಬಿಟ್ರಾ! ಒಡಹುಟ್ಟಿದವಳಿಗೆ ಒಂದು ಮಾತು ಹೇಳಬಾರದಾ!"

"ಎಷ್ಟು ಲಕ್ಷಣವಾಗಿ ಕೂರಿಸಿದಾರೆ ನೋಡೇ," ಎಂದಳು ಹಿಂದಿದ್ದವಳು, ಅಳುತ್ತಲೇ. "ನಮ್ಮ ಯಜಮಾನ್ರನ್ನ ಸೊಟ್ಟಗೆ ಕೂರಿಸಿದ್ರು."

"ಚೆಂಡು ಈಗ ಬೆಂಟ್ಸಿಲ್! ಬೆಂಟ್ಸಿಲ್! ಆಹಾ, ಎಂಥ ಪಾಸು!" ಎಂದು ಕಂಬ ಕೂಗಿತು. ಹೆಣದ ಮುಚ್ಚಿದ ಕಣ್ಣಿಂದ ನೀರಿಳಿಯಿತು.

"ಶ್! ಸ್ವಲ್ಪ ಸುಮ್ನಿರಕ್ಕಾ," ಎಂದಿತು ಹೆಣ. "ನನ್ನ ಹೆಸರು ಹೇಳ್ತಿದಾರೆ."

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಆ ಚೀರಾಟಕ್ಕೆ ಮೈಕು ಬಿಟ್ಟು ಓಡಿಬಂದ ಫಿಫಿ ಕೆಂಪು ಕಪ್ಪು ಬಟ್ಟೆಗಳನ್ನು ಕಂಡವನೇ ಮಂಡಿಯೂರಿದ. "ತಪ್ಪಾಯ್ತಣ್ಣ. ಟೇಪೂ ಇಲ್ಲ, ಗೀಪೂ ಇಲ್ಲ. ಅದು ನಾನೇ."

ಆರಬಾ ಅವನ ಕಿವಿ ಹಿಂಡಿದಳು. ಬೆಂಟ್ಸಿಲ್ ಜೆರ್ಸಿಯ ಅಂಚನ್ನು ಕೆಳಗೆಳೆದುಕೊಂಡ. ಅದು ಮತ್ತೆ ಹೊಟ್ಟೆಯ ಮೇಲೇರಿತು.

"ಬಿಡಕ್ಕ ಅವನನ್ನ," ಎಂದ ಕೊನೆಗೆ. "ಇಷ್ಟು ಜನ ಬಂದಿದಾರೆ, ಸುಮ್ನೆ ಕಳಿಸೋದು ಹೇಗೆ? ಹೇಳೋ ಫಿಫಿ, ಇಲ್ಲೇ, ಎಲ್ಲರ ಮುಂದೆ. ಆ ಕಾಮೆಂಟರಿಯವನ ಗಂಟಲಲ್ಲೇ ಹೇಳು."

ಫಿಫಿ ಎದ್ದು ನಿಂತ. ಚೆಂಡು ಗೋಲ್‌ಕೀಪರ್‌ನ ಕೈಯಿಂದ ಹೊರಟಿತು. ಶೋಕದ ಬಟ್ಟೆಗಳೆಲ್ಲ ಮುಂದಕ್ಕೆ ಬಾಗಿದವು. "ಎಡಗಡೆಯಿಂದ ಚೆಂಡು... ಈಗ..." ಆರಬಾ ಕಣ್ಣೊರೆಸಿಕೊಳ್ಳಲು ಸೆರಗು ಕೊಡವಿದಳು. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಬಟ್ಟೆ. ನುಸಿಗುಳಿಗೆಯ ಘಾಟು ಸೀದಾ ಫಿಫಿಯ ಮೂಗಿಗೆ ಹೊಡೆಯಿತು.

"ಆ... ಆಕ್ಷೀ!"

ಈ ಸಲ ನಿಜವಾದ ಸೀನು. ಅಂಗಳ ಉಸಿರು ಹಿಡಿಯಿತು. ಬೆಂಟ್ಸಿಲ್‌ನ ಬಲಗಾಲು ಮಾತ್ರ ಹೆಸರಿಗಾಗಿ ಕಾಯದೆ ತನ್ನ ಕೆಲಸ ಮುಗಿಸಿಬಿಟ್ಟಿತ್ತು. ಚಪ್ಪಲಿ ಹೆಂಗಸರ ತಲೆಗಳ ಮೇಲಿಂದ ಹಾರಿ ಬೇಲಿಯಾಚೆ ಬಿದ್ದಿತ್ತು. ಮೊದಲು ನಕ್ಕವನು ಅವನೇ, ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಕುರ್ಚಿ ಅಲುಗಾಡುವ ಹಾಗೆ ನಕ್ಕ. ನಗುತ್ತಲೇ, ಒಂದು ಬರಿಗಾಲನ್ನು ಮುಂದೆ ಚಾಚಿಕೊಂಡು, ಬೇಲಿಯಾಚೆಗೇ ನೋಡುತ್ತಿದ್ದ. ಅಲ್ಲಿ ಬಾದು ಓಡಿಬರುತ್ತಿದ್ದಾನೇನೋ ಎಂಬಂತೆ.