ಹಿಂದಿನ ಕೋಣೆಯ ಸಾಲ

ಪತ್ರ ಓದಿ ಮುಗಿಸಿದ ಗಂಡ ಅದನ್ನು ಊಟದ ಮೇಜಿನ ಮೇಲೆ ರಪ್ಪೆಂದು ಬಡಿದ.

“ಮನೆ ಸಾಲದ ಮೇಲೆ ಇನ್ನೊಂದು ಪೈಸೆ ಕೊಡಲ್ಲವಂತೆ. ವಿಷಾದಿಸ್ತಾರಂತೆ! ಒಂಬತ್ತು ವರ್ಷದಲ್ಲಿ ಒಂದು ಕಂತು ತಪ್ಪಿಸಿದ್ದೀವಾ ನಾವು? ಇವರ ಬ್ಯಾಂಕಿಗೆ ಬೀಗ ಬೀಳ!”

ಅವಳು ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ಮಾಡಿ ನಿಂತಿದ್ದಳು. “ಯಾಕಂತೆ?”

“ಕಾರಣ ಬರೆದರೆ ಇವರ ಗಂಟೇನು ಹೋಗ್ತಿತ್ತೋ! ಬರೆದಿಲ್ಲ.”

ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಮರುಗಳಿಗೆಯಲ್ಲೇ ಇನ್ನೂ ದೊಡ್ಡದೊಂದು ಬಂದು ಕೂತಿತು. ಕಾರಣ ಅವಳಿಗೆ ಗೊತ್ತಿತ್ತು.

ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನವರನ್ನೆಲ್ಲ ಮೇಲಕ್ಕೇರಿಸುವವನ ತಾಯಿ ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿದ್ದಳು. ನಲವತ್ತೆರಡು ಮೆಟ್ಟಿಲು, ಎರಡೂ ಮಂಡಿ ಸವೆದಿದ್ದವು. ಮನೆಯ ಹಿಂದಿನ ಜಗಲಿಗೆ ಗೋಡೆ ಕಟ್ಟಿಸಿ, ಪಕ್ಕದಲ್ಲೇ ಬಚ್ಚಲು ಮಾಡಿಸಿ, ಹಿಡಿದುಕೊಳ್ಳಲು ಕಂಬಿ ಹಾಕಿಸಿ ತಾಯಿಯನ್ನು ಕರೆತರಬೇಕೆಂದು ಅವನೇ ನಕ್ಷೆ ಬರೆದಿದ್ದ. ಮನೆ ಇಬ್ಬರ ಹೆಸರಲ್ಲಿದ್ದುದರಿಂದ ಅರ್ಜಿಗೂ ಇಬ್ಬರೂ ಸಹಿ ಹಾಕಿದ್ದರು.

ಅತ್ತೆ ಕೆಟ್ಟವಳಾಗಿದ್ದರೆ ಎಷ್ಟೋ ಸಲೀಸಾಗಿತ್ತು. ಒಂದು ದಿನಕ್ಕೂ ಗಟ್ಟಿ ಮಾತಾಡಿದವಳಲ್ಲ. ಆದರೆ ಇದೇ ಮನೆಯಲ್ಲಿ ಇವಳ ಸ್ವಂತ ತಾಯಿ ಏಳು ವರ್ಷ ಹಾಸಿಗೆ ಹಿಡಿದಿದ್ದಳು. ಮಗ್ಗುಲು ಬದಲಿಸುವುದು, ಒರೆಸುವುದು, ಒಗೆಯುವುದು, ನರಳಿದರೆ ಏಳುವುದು. ತಾಯಿ ಹೋಗಿ ಎರಡು ವರ್ಷವಾಗಿತ್ತು. ಇವಳಿಗೆ ಒಂದೇ ಮಗ್ಗುಲಲ್ಲಿ ನಿದ್ದೆ ಹತ್ತತೊಡಗಿದ್ದು ಈಚೆಗಷ್ಟೆ. ಗಂಡ ನಕ್ಷೆ ಹರಡಿದಾಗ ಬಾಯಿ “ಆಗಲಿ” ಎಂದಿತು. ಆ ರಾತ್ರಿ ಮಾತ್ರ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಒಂದು ಮಧ್ಯಾಹ್ನ ಅಲ್ಲಿಗೇ ಬ್ಯಾಂಕಿನಿಂದ ಫೋನ್ ಬಂದಿತ್ತು. ಹುಡುಗಿಯೊಬ್ಬಳು ಸಂಬಳ, ಹುದ್ದೆ ಎಲ್ಲ ಕೇಳಿ, “ಕೆಲಸ ಮುಂದುವರಿಸ್ತೀರಲ್ವಾ ಮೇಡಂ?” ಎಂದಳು.

“ಇಲ್ಲ, ಬರೋ ತಿಂಗಳು ಬಿಡ್ತಿದ್ದೀನಿ.”

ಹಸಿ ಸುಳ್ಳು. ಫೋನಿಟ್ಟು ಮತ್ತೆ ಸೂಜಿ ಹಿಡಿದಾಗ ಕೈ ಒಂದಿಷ್ಟೂ ನಡುಗಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಈಗ ಗಂಡ ಸಿಕ್ಕಸಿಕ್ಕವರೆದುರು ಬ್ಯಾಂಕಿನ ಜನ್ಮ ಜಾಲಾಡುತ್ತಿದ್ದ. ಪಕ್ಕದ ಮನೆಯವರ ಮುಂದೆ, ಕ್ಷೌರದಂಗಡಿಯಲ್ಲಿ, ಫೋನಿನಲ್ಲಿ ತಾಯಿಯ ಹತ್ತಿರ. ಒಂದೊಂದು ಬೈಗುಳವೂ ಅವಳಿಗೇ ಬಂದು ತಾಗುತ್ತಿತ್ತು. ತಡೆಯಲಾರದೆ ಒಮ್ಮೆ ಕೇಳಿದಳು: “ರೀ, ಬೇರೆ ಬ್ಯಾಂಕಲ್ಲಿ ಕೇಳೋಣ್ವಾ?”

“ಎಲ್ಲ ಒಂದೇ ಬಳ್ಳಿಯ ಕಾಯಿ. ಬಿಡು.”

“ಇವರ ಹತ್ರಾನೇ ಇನ್ನೊಂದ್ಸಲ ಕೇಳಿದರೆ?”

“ಹೋಗಿ ಕಾಲು ಹಿಡೀಬೇಕಾ? ಬಿಡು ಅಂದೆನಲ್ಲ!”

ಅವನ ಮಾನಕ್ಕೆ ಪೆಟ್ಟು ಬಿದ್ದಿದೆ ಎಂದುಕೊಂಡಳು. ಪೆಟ್ಟು ಕೊಟ್ಟವಳು ತಾನು.

ಭಾನುವಾರ ಇಬ್ಬರೂ ನಲವತ್ತೆರಡು ಮೆಟ್ಟಿಲು ಹತ್ತಿದರು. ಅತ್ತೆಯ ಕೋಣೆಯಲ್ಲಿ ಮಂಚವಿರಲಿಲ್ಲ. ಹೊಸ ಕೋಣೆಯಲ್ಲಿ ಅದು ಹಿಡಿಸುವುದಿಲ್ಲವೆಂದು, ಸಾಲದ ಪತ್ರ ಬರುವ ಮೊದಲೇ ಕೆಳಮನೆಯ ಬಾಣಂತಿಗೆ ಕೊಟ್ಟುಬಿಟ್ಟಿದ್ದಳು. ಕೊಟ್ಟದ್ದನ್ನು ವಾಪಸು ಕೇಳುವ ಜಾಯಮಾನ ಅವಳದಲ್ಲ. ಹಾಸಿಗೆ ನೆಲದ ಮೇಲಿತ್ತು. ಸೊಸೆಯನ್ನು ಕಂಡು ಏಳಲು ಹೋದವಳು ಮೊದಲು ಅಂಗೈ ಊರಿದಳು, ಆಮೇಲೆ ಮೊಣಕೈ, ಕೊನೆಗೆ ಗೋಡೆ ಹಿಡಿದಳು. ಗಂಡ ಕಿಟಕಿಯ ಕಡೆ ತಿರುಗಿಕೊಂಡ.

“ಬ್ಯಾಂಕಿನವರಿಗೂ ಅವರ ಕಷ್ಟ ಇರುತ್ತೆ ಕಣೇ,” ಎಂದಳು ಅತ್ತೆ. “ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯ? ನೀನೇನು ಬೇಡ ಅಂದ್ಯಾ?”

ಆ ಮಾತು ಸೂಜಿಗಿಂತ ಸಣ್ಣದಾಗಿ ಒಳಗಿಳಿಯಿತು.

ಮರುದಿನ ಅರ್ಧ ದಿನ ರಜೆ ಹಾಕಿ ಸಂಬಳದ ಚೀಟಿ ಹಿಡಿದು ಬ್ಯಾಂಕಿಗೆ ಹೋದಳು. ಸಾಲದ ವಿಭಾಗದ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು. ಕುರ್ಚಿಯ ತುದಿಯಲ್ಲಿ ಕೂತು ಒಂದೇ ಉಸಿರಿಗೆ ಹೇಳಿಬಿಟ್ಟಳು.

“ಫೋನಲ್ಲಿ ಕೆಲಸ ಬಿಡ್ತೀನಿ ಅಂದಿದ್ದು ಸುಳ್ಳು ಸಾರ್. ಬಿಡಲ್ಲ. ನನ್ನಿಂದಾಗಿ ತಪ್ಪಿದ ಸಾಲ ಇದು, ದಯವಿಟ್ಟು ಇನ್ನೊಂದ್ಸಲ ನೋಡಿ. ನಮ್ಮತ್ತೆ ಬರಬೇಕು.”

ಅಧಿಕಾರಿ ಕಡತ ತರಿಸಿ ಹಾಳೆ ಮಗುಚಿದರು. ಹುಬ್ಬು ಮೇಲೇರಿತು.

“ನಿಮ್ಮ ಫೋನಿನಿಂದ ಏನೂ ಆಗಿಲ್ಲ ಮೇಡಂ. ಅದಕ್ಕೆ ನಾಲ್ಕು ದಿನ ಮೊದಲೇ ಈ ಅರ್ಜಿ ಮುಚ್ಚಿತ್ತು. ನಮ್ಮ ಹುಡುಗಿಗೆ ಅದು ಗೊತ್ತಿಲ್ಲದೆ ಫೋನ್ ಮಾಡಿದ್ದಾಳೆ.”

“ಮುಚ್ಚಿದ್ದು ಯಾರು?”

ಅವರು ಕನ್ನಡಕವನ್ನು ಕಣ್ಣಿಗಿಳಿಸಿ ಅರ್ಜಿಯ ಸಹಿಗಳನ್ನು ನೋಡಿದರು. “ನೀವೂ ಅರ್ಜಿದಾರರೇ. ನೋಡೋ ಹಕ್ಕಿದೆ,” ಎಂದು ಕಡತವನ್ನು ಅವಳ ಕಡೆ ತಿರುಗಿಸಿದರು.

ಬಲಕ್ಕೆ ವಾಲಿದ ಅಕ್ಷರ. ಗಂಡನದು.

‘ಮಾನ್ಯರೇ, ಸಾಲ ಬೇಡ. ನನ್ನ ಹೆಂಡತಿ ಅವಳ ತಾಯಿಯನ್ನು ಏಳು ವರ್ಷ ನೋಡಿಕೊಂಡು ಸೋತಿದ್ದಾಳೆ. ಈ ಕೋಣೆಗೂ ಆಗಲಿ ಅಂದಳು, ಆದರೆ ಅಂದಿನಿಂದ ಮತ್ತೆ ನಿದ್ದೆ ಮಾಡುತ್ತಿಲ್ಲ. ನಾನೇ ಬೇಡವೆಂದೆ ಎಂದು ತಿಳಿದರೆ ತನ್ನಿಂದಲೇ ಹೀಗಾಯಿತೆಂದು ಕೊರಗುತ್ತಾಳೆ. ಆದ್ದರಿಂದ ನೀವೇ ನಿರಾಕರಿಸಿದಂತೆ ಒಂದು ಪತ್ರ ಕಳಿಸಿ.’

ಸಹಿಯ ಕೆಳಗೆ, ಮರೆತು ಆಮೇಲೆ ಸೇರಿಸಿದಂತೆ, ಇನ್ನೊಂದು ಸಾಲಿತ್ತು: ‘ಮನೆಯಲ್ಲಿ ಸ್ವಲ್ಪ ದಿನ ನಿಮ್ಮನ್ನು ಬಾಯಿಗೆ ಬಂದಂತೆ ಬೈಯಬೇಕಾಗುತ್ತದೆ, ದಯವಿಟ್ಟು ಕ್ಷಮಿಸಿ.’