ಟೆಸ್ಟ್‌ಟ್ಯೂಬ್ ಮೇಷ್ಟ್ರ ಪರೀಕ್ಷೆ

ಡಾಕ್ಟರಮ್ಮ ಮುಚ್ಚಳವಿದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು. ಬಯಾಲಜಿ ಮೇಷ್ಟ್ರು ಅದನ್ನು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆಗೆ ತಳ್ಳಿದರು.

"ಅದು ನಿಮಗೆ," ಅಂದರು ಡಾಕ್ಟರಮ್ಮ.

"ನನಗಾ?" ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಇವಳದ್ದೇ ಇನ್ನೊಂದು ಸಲ ಸರಿಯಾಗಿ ನೋಡಿಬಿಟ್ಟರೆ..."

ಹೆಂಡತಿಗೆ ನಗು ಬಂತು; ನುಂಗಿಕೊಂಡಳು. ನೋಡುವುದಕ್ಕೆ ಇನ್ನೇನು ಉಳಿದಿತ್ತು? ಕೇಳಿದಾಗಲೆಲ್ಲ ತೋಳು ಚಾಚಿ ರಕ್ತ ಕೊಟ್ಟಿದ್ದಳು. ಸ್ಕ್ಯಾನಿಗೆಂದು ಹೊಟ್ಟೆ ಬಿರಿಯುವಷ್ಟು ನೀರು ಕುಡಿದು, ಸರದಿ ಬರುವ ತನಕ ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಳು. ಹೊಕ್ಕಳಿನ ಹತ್ತಿರ ತೂತು ಮಾಡಿ ಕ್ಯಾಮೆರಾ ಇಳಿಸಿದ್ದೂ ಆಗಿತ್ತು. ಗರ್ಭಕೋಶ ಸರಿ, ಅಂಡನಾಳ ಸರಿ. ಅವಳು ಕೆಲಸ ಮಾಡುವ ಅಂಚೆ ಕಚೇರಿಯಲ್ಲಿ ರಜೆ ಕೇಳಲು ನೆಪಗಳೇ ಮುಗಿದುಹೋಗಿದ್ದವು. ಇಷ್ಟಾದರೂ, ಅವಳ ಮುಖ ಕಂಡೊಡನೆ ಅತ್ತೆ ಬಿಡುವ ನಿಟ್ಟುಸಿರು ಮಾತ್ರ ಮುಗಿದಿರಲಿಲ್ಲ.

ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಬಂಜೆತನ ಮತ್ತು ಅದರ ಚಿಕಿತ್ಸೆ ಎಂಬ ಪಾಠವನ್ನು ಅವರಷ್ಟು ಚೆನ್ನಾಗಿ ಮಾಡುವವರು ಕಾಲೇಜಿನಲ್ಲೇ ಇರಲಿಲ್ಲ. ಹಳದಿ ಸೀಮೆಸುಣ್ಣದಲ್ಲಿ ದುಂಡನೆಯ ಅಂಡಾಣು, ಬಿಳಿಯದರಲ್ಲಿ ಬಾಲ ಬಡಿಯುವ ವೀರ್ಯಾಣು ಬರೆದು, ಹೊರಗೆ ಗಾಜಿನ ತಟ್ಟೆಯಲ್ಲಿ ಅವೆರಡೂ ಕೂಡಿ ಭ್ರೂಣವಾಗುವ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. "ಇದು ಹೆಂಗಸಿನ ತೊಂದರೆ ಅಂತ ತಿಳಿಯೋದು ಶುದ್ಧ ಅಜ್ಞಾನ. ಗಂಡಸಿನಲ್ಲೂ ಕಾರಣ ಇರಬಹುದು. ಅವನ ಪರೀಕ್ಷೆ ಸುಲಭ, ಅದನ್ನ ಮೊದಲೇ ಮಾಡಬೇಕು. ಅಡಿಗೆರೆ ಹಾಕ್ಕೊಳ್ಳಿ," ಅನ್ನುತ್ತಿದ್ದರು. ವಿದ್ಯಾರ್ಥಿಗಳು ಅವರಿಗೆ ಟೆಸ್ಟ್‌ಟ್ಯೂಬ್ ಮೇಷ್ಟ್ರು ಅಂತಲೇ ಹೆಸರಿಟ್ಟಿದ್ದರು. ಆ ಗಂಡಸು ಎಂಬ ಪ್ರಾಣಿ ಪಠ್ಯಪುಸ್ತಕದ ಹೊರಗೂ, ಅದರಲ್ಲೂ ತಮ್ಮ ಮನೆಯಲ್ಲೇ, ಉಂಡುಟ್ಟು ಓಡಾಡಿಕೊಂಡಿದೆ ಎಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

"ನಮ್ಮ ಮನೆತನದಲ್ಲಿ ಅಂಥದ್ದೇನೂ ಇಲ್ಲ ಡಾಕ್ಟರೇ. ನಮ್ಮ ತಂದೆಗೆ ಆರು ಜನ ಮಕ್ಕಳು."

"ತಂದೆಯವರನ್ನ ಕರಕೊಂಡು ಬರೋದೇನೂ ಬೇಡ. ನೀವು ಕೊಟ್ಟರೆ ಸಾಕು. ಕಾರಿಡಾರಿನ ಕೊನೇ ಬಾಗಿಲು."

ಮೇಷ್ಟ್ರು ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಕದ್ದ ಮಾಲು ಸಾಗಿಸುವವರಂತೆ ಗೋಡೆಗೆ ಒತ್ತಿಕೊಂಡು ಹೋದರು. ಹೋದಷ್ಟೇ ಬೇಗ ಬಂದರು. ಒಳಗೆ ಬೆಳಕು ಜಾಸ್ತಿಯಂತೆ. ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇದೆ ಅಂತ ನರ್ಸು ತಲೆಯೆತ್ತದೆ ಹೇಳಿದಳು. ಮತ್ತೆ ಹೋದರು, ಮತ್ತೆ ಬಂದರು. ಈ ಸಲ ಹೊರಗೆ ಜನ ಓಡಾಡುವ ಸದ್ದು. ಬೆಂಚಿನ ಮೇಲೆ ಕೂತಿದ್ದ ಹೆಂಡತಿ ನೆನಪು ಮಾಡಿಕೊಂಡಳು: ತನ್ನ ಕಾಲುಗಳನ್ನು ಮೇಲೆತ್ತಿ ಕಟ್ಟಿ, ಸುತ್ತ ನಾಲ್ಕು ಜನ ನಿಂತಿದ್ದಾಗ, ಬೆಳಕು ಸರಿಯಾಗಿದೆಯೇನಮ್ಮಾ ಅಂತ ಯಾರೂ ಕೇಳಿರಲಿಲ್ಲ.

ಅಂತೂ ಡಬ್ಬಿ ತುಂಬಿತು. ವಾರ ಕಳೆದು ಫಲಿತಾಂಶವೂ ಬಂತು. ವೀರ್ಯಾಣುಗಳು ತೀರಾ ಕಡಿಮೆ. ಇದ್ದವಕ್ಕೂ ಈಜುವ ಉತ್ಸಾಹವಿಲ್ಲ.

"ಗಾಬರಿ ಬೇಡ. ಒಂದು ಅಂಡಕ್ಕೆ ಒಂದೇ ಒಂದು ಸಾಕು. ನಾವೇ ಆರಿಸಿ, ಸೂಜಿಯಲ್ಲಿ ಹಿಡಿದು ಅಂಡದೊಳಗೆ ಬಿಡ್ತೀವಿ. ನಿಮಗೆ ಇದೆಲ್ಲ ಗೊತ್ತೇ ಇರುತ್ತಲ್ಲ," ಅಂದರು ಡಾಕ್ಟರಮ್ಮ.

"ಗೊತ್ತು," ಅಂದರು ಮೇಷ್ಟ್ರು. ಕಡೇ ಬೆಂಚಿನಿಂದ ಬಂದಂತಿತ್ತು ದನಿ.

ಮನೆಯಲ್ಲಿ ಮೇಷ್ಟ್ರ ತಾಯಿ ಬಟಾಣಿ ಸುಲಿಯುತ್ತಾ ಕಾದಿದ್ದರು. "ಏನಂದ್ರೋ?"

"ಇವಳಿಗೆ ದಿನಾ ಇಂಜೆಕ್ಷನ್ ಕೊಡಬೇಕಂತೆ ಅಮ್ಮ. ಆಮೇಲೆ ಅರಿವಳಿಕೆ ಕೊಟ್ಟು ಅಂಡ ಹೊರಗೆ ತೆಗೀತಾರಂತೆ. ಮುಂದಿನದೆಲ್ಲ ಲ್ಯಾಬಿನಲ್ಲಿ."

ಒಂದಕ್ಷರ ಸುಳ್ಳಿರಲಿಲ್ಲ. ಹೆಂಡತಿ ಮನಸ್ಸಿನಲ್ಲೇ ಮೆಚ್ಚಿಕೊಂಡಳು.

"ನಾನಂದ್ಕೊಂಡಿದ್ದೇ ಆಯ್ತು," ಅತ್ತೆ ಸೊಸೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

ಸೊಸೆ ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತಳು. "ಅರ್ಧ ಪಾಠ ಮಾಡಿ ನಿಲ್ಲಿಸಿದ್ರೆ ಹೇಗೆ ರೀ? ಅತ್ತೆಗೆ ಪೂರ್ತಿ ಹೇಳಿ. ಹೇಳೋವರೆಗೂ ನಾನು ಇಂಜೆಕ್ಷನ್ನಿಗೆ ಹೋಗಲ್ಲ." ದನಿ ಏರಲಿಲ್ಲ. ಅಂಚೆ ಕಚೇರಿಯಲ್ಲಿ ಸಮಯ ಮುಗಿಯಿತೆಂದು ಕೌಂಟರು ಮುಚ್ಚುವಾಗಲೂ ಅವಳು ಹೀಗೇ ಮಾತಾಡುತ್ತಿದ್ದಳು. ಅಲ್ಲಿ ಯಾರೂ ಚೌಕಾಸಿಗೆ ನಿಲ್ಲುತ್ತಿರಲಿಲ್ಲ.

ಮೇಷ್ಟ್ರು ಫ್ಯಾನ್ ನೋಡಿದರು, ಗೋಡೆ ನೋಡಿದರು. "ಅದೇನಂದ್ರೆ ಅಮ್ಮ, ಸಂಖ್ಯೆ ಸ್ವಲ್ಪ ಕಡಿಮೆ ಇದೆ. ಚಲನಶೀಲತೆಯೂ ಅಷ್ಟಕ್ಕಷ್ಟೇ..."

"ಯಾರದ್ದೋ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಂದು."

ತಾಯಿಯ ಕೈ ನಿಂತಿತು. ಸೊಸೆಯ ಮುಖವನ್ನು ದಿಟ್ಟಿಸಿದರು, ನಿಟ್ಟುಸಿರು ಬರಲಿಲ್ಲ. ಆಮೇಲೆ ಮಗನ ಕಡೆ ತಿರುಗಿದರು.

"ಊನ ನಿಂದು ಅಂತೀಯ. ಮತ್ತೆ ಸೂಜಿ ಅವಳಿಗ್ಯಾಕೋ?"

"ಅದು... ಒಂದೇ ಸಲಕ್ಕೆ ಹೆಚ್ಚು ಅಂಡ ಬೇಕಾಗುತ್ತೆ. ಅದಕ್ಕೆ ಹಾರ್ಮೋನು ಕೊಟ್ಟು ಅಂಡಾಶಯವನ್ನ..."

"ಹೇಗೆ ಅಂತ ಕೇಳ್ಲಿಲ್ಲ ಕಣೋ. ಯಾಕೆ ಅಂತ ಕೇಳ್ದೆ."

ಟೆಸ್ಟ್‌ಟ್ಯೂಬ್ ಮೇಷ್ಟ್ರು ತಾವು ಓದಿದ್ದು, ಓದಿಸಿದ್ದು ಎಲ್ಲವನ್ನೂ ತಡಕಾಡಿದರು. ಹೆಂಡತಿ, ತಾಯಿ ಇಬ್ಬರೂ ಕಾಯುತ್ತಿದ್ದರು.

"ಅದು ಸಿಲಬಸ್ಸಿನಲ್ಲಿಲ್ಲಮ್ಮ," ಅಂದರು.